ಘಟ್ಟ ಹತ್ತದ ಮೋಟಾರು

ಮೂಡಲಗಿ
ತಾ. ೧೪-೭-೧೯೫೭

ಪ್ರೀತಿಯ ಹನಮವ್ವ ವೈನಿಯವರಿಗೆ,

ನಿಮ್ಮ ನಾದಿನಿ ಸುಂದ್ರಾ ಇಲ್ಲಿಂದಲೇ ನಿಮ್ಮ ಪಾದ ಮುಟ್ಟಿ ಬರೆಯುತ್ತಿದ್ದೇನೆ. ಮನೆಯಲ್ಲಿ ಎಲ್ಲರೂ ಆರಾಮಾಗಿದ್ದೇವೆ. ಜ್ವರ ಇಳಿದಿದೆ, ಸಂಜೆ ಹೊತ್ತು ವರಾಂಡದಲ್ಲಿ ಸ್ವಲ್ಪ ಅಡ್ಡಾಡಲು ಬಿಡುತ್ತಿದ್ದಾರೆ ಎಂದು ನೀವು ಬರೆದ ಕಾರ್ಡು ಬಂದು ಬಹಳ ದಿನವಾಯಿತು. ಅಣ್ಣ ಅದನ್ನು ಅಂಗಿಯ ಜೇಬಿನಲ್ಲಿಟ್ಟುಕೊಂಡು ತಿರುಗುತ್ತಾನೆ, ಅದರ ಮೂಲೆಗಳೆಲ್ಲ ಮೆತ್ತಗಾಗಿವೆ. ಉತ್ತರ ಬರೆಯಲು ತಡಮಾಡಿದವಳು ನಾನು. ಶಾಲೆ ಶುರುವಾಯಿತು, ಮಳೆ ಹಿಡಿಯಿತು, ಅವ್ವನ ಮಂಡಿನೋವು ಎದ್ದಿತು ಎಂದು ಎಷ್ಟು ನೆಪವನ್ನಾದರೂ ಹೇಳಬಹುದು. ಖರೆ ಹೇಳಬೇಕೆಂದರೆ, ಒಂದಾದರೂ ಒಳ್ಳೆಯ ಸುದ್ದಿ ಕೈಗೆ ಬರಲಿ, ಆಮೇಲೆ ಬರೆಯೋಣ ಎಂದು ಕಾದೆ. ಅದು ಬರಲಿಲ್ಲ. ಇನ್ನು ಕಾಯುವುದು ಸರಿಯಲ್ಲ ಎಂದು ಕುಳಿತಿದ್ದೇನೆ. ಗಂಡನನ್ನು ಕಳೆದುಕೊಂಡು ತವರಿಗೆ ಬಂದು ಮೂಲೆ ಹಿಡಿದವಳನ್ನು ಎಬ್ಬಿಸಿ, ಅವ್ವನ ಕೂಡ ವಾದ ಮಾಡಿ, ಶಿಕ್ಷಕಿಯ ಟ್ರೇನಿಂಗಿಗೆ ಕಳಿಸಿದವರು ನೀವು. ನಾನು ಕಲಿತ ಅಕ್ಷರಗಳು ನಿಮಗೆ ಬರೆಯಲಿಕ್ಕೂ ಆಗದಿದ್ದರೆ ಅವು ಯಾತಕ್ಕೆ.

ನಿಮ್ಮ ಕೂಸು ಗುಡ್ಡವ್ವ ಚೆನ್ನಾಗಿದ್ದಾಳೆ. ನೀವು ಹೋಗುವಾಗ ಸೆರಗು ಹಿಡಿದು ನಡೆಯುತ್ತಿದ್ದವಳು ಈಗ ಕಟ್ಟೆಯಿಂದ ಕಟ್ಟೆಗೆ ಹಾರುತ್ತಾಳೆ. ರೊಟ್ಟಿಗೆ ಬೆಲ್ಲ ಹಚ್ಚಿ ಕೊಟ್ಟರೆ ಬೆಲ್ಲ ನೆಕ್ಕಿ ರೊಟ್ಟಿಯನ್ನು ಕರುವಿಗೆ ತಿನಿಸುತ್ತಾಳೆ. ಕೆಮ್ಮು ಇಲ್ಲ, ಮೈ ತುಂಬಿಕೊಂಡಿದೆ. ಅದರ ಚಿಂತೆ ಬಿಡಿ.

ಹೋದ ಡಿಸೆಂಬರಿನಲ್ಲಿ ನಿಮ್ಮನ್ನು ಕರೆತರಲು ಪಾಂಚಗಣಿಗೆ ಬಂದು ಬರಿಗೈಯಲ್ಲಿ ತಿರುಗಿದೆವಲ್ಲ, ಅಂದು ದಾರಿಯಲ್ಲಿ ಏನಾಯಿತೆಂದು ಅಣ್ಣ ನಿಮಗೆ ಇನ್ನೂ ಸರಿಯಾಗಿ ಹೇಳಿಲ್ಲ ಎಂದು ಬರೆದಿದ್ದೀರಿ. ಗಾಡಿ ಕೆಟ್ಟಿತ್ತು ಎನ್ನುವುದಷ್ಟೇ ಅವನ ಬಾಯಿಂದ ಬರುವ ಮಾತು. ನಾನು ಆ ಗಾಡಿಯಲ್ಲೇ ಇದ್ದೆ. ನಾನು ಹೇಳುತ್ತೇನೆ.

ನಿಮ್ಮನ್ನು ಬಸ್ಸಿನಲ್ಲಿ ಘಟ್ಟ ಇಳಿಸಬೇಡಿ, ಪಕ್ಕೆಲುಬು ತೆಗೆದ ಜಾಗ ಆ ಕುಲುಕಾಟ ತಡೆಯದು ಎಂದು ಡಾಕ್ಟರರು ಬರೆದಿದ್ದರು. ಬಾಡಿಗೆ ಗಾಡಿಯವರು ಪಾಂಚಗಣಿಯ ದವಾಖಾನೆ ಎಂಬ ಮಾತು ಕೇಳಿದರೆ ಸಾಕು, ಮೋರೆ ತಿರುಗಿಸುತ್ತಿದ್ದರು. ಕ್ಷಯದವರು ಕುಳಿತ ಗಾಡಿಗೆ ಮತ್ತೆ ಯಾರೂ ಹತ್ತುವುದಿಲ್ಲವಂತೆ. ಹಾಗಾಗಿ ನಮ್ಮ ಡಾಜ್ ಗಾಡಿಯೇ ಗತಿಯಾಯಿತು. ಸಂಸ್ಥಾನಗಳು ಮುಳುಗಿದ ವರ್ಷ ಅಣ್ಣ ಹರಾಜಿನಲ್ಲಿ ಹಿಡಿದ ಗಾಡಿ ಅದು. ಆಗಲೇ ಹಳೆಯದು, ಆದರೂ ಗೋಕಾಕ, ಹುಕ್ಕೇರಿ, ಬೆಳಗಾವಿ ಎಂದು ಎಲ್ಲಿಗೆ ಹೋದರೂ ನಮ್ಮನ್ನು ನಡುದಾರಿಯಲ್ಲಿ ಕೈಬಿಟ್ಟದ್ದಿಲ್ಲ. ಹುಕ್ಕೇರಿಯ ಭೀಮರಾಯ, ಲಡಾಯಿಯಲ್ಲಿ ಮಿಲಿಟರಿ ಲಾರಿ ಓಡಿಸಿ ಬಂದವನು, ನಮ್ಮ ಗಾಡಿಗೆ ಅವನೇ ಡ್ರೈವರ, ಅವನೇ ಮೇಸ್ತ್ರಿ. ಗಾಡಿಯನ್ನು ಪೂರಾ ತಪಾಸ ಮಾಡಿಯೇ ಹೊರಡಿಸಿದ್ದ. ಹಿಂದಿನ ಸೀಟಿನ ಮೇಲೆ ನಾನು ಎರಡು ಕೌದಿ ಹಾಸಿ, ತಲೆದಿಂಬು ಇಟ್ಟು, ನಿಮಗೆ ಒರಗಿಕೊಳ್ಳಲು ಬರುವಂತೆ ಮಾಡಿದ್ದೆ.

ಘಟ್ಟದ ಬುಡದ ವಾಯಿಯ ತನಕ ತೊಂದರೆ ಇರಲಿಲ್ಲ. ಮರುದಿನ ಬೆಳಿಗ್ಗೆ ಘಟ್ಟ ಹತ್ತತೊಡಗಿದೆವು. ಎರಡನೇ ತಿರುವಿನಲ್ಲಿ ಮಂಜು ಗಾಡಿಯೊಳಗೇ ಬಂತು. ಅಂಥ ಥಂಡಿ ನಮ್ಮ ಕಡೆಯವರಿಗೆ ಗೊತ್ತಿಲ್ಲ. ಇಂಜಿನ್ನು ಮುಗ್ಗರಿಸಿತು, ನಿಂತಿತು. ಭೀಮರಾಯ ಹ್ಯಾಂಡಲು ಹೊಡೆದ, ಮತ್ತೆ ಎದ್ದಿತು, ನೂರು ಮಾರು ಹೋಗುವಷ್ಟರಲ್ಲಿ ಮತ್ತೆ ನಿಂತಿತು. ಕಡೆಗೆ ಗಾಡಿ ಹಿಂದಕ್ಕೆ ಉರುಳಲು ಶುರುವಾದಾಗ ಅಣ್ಣ ಹಾರಿ ಇಳಿದು ಗಾಲಿಗೆ ಕಲ್ಲು ಕೊಟ್ಟ. ಬಾನೆಟ್ಟು ತೆಗೆದು ಭೀಮರಾಯ ನನ್ನ ಕೈ ಇಡಿಸಿ ತೋರಿಸಿದ. ಇಂಜಿನ್ನು ಸುಡುತ್ತಿತ್ತು. ಒಂದು ಗೇಣು ಆಚೆ, ಪೆಟ್ರೋಲು ಒಳಗೆ ಹೋಗುವ ಕೊಳವೆ ಮಾತ್ರ ಬಾವಿಯ ಕಲ್ಲಿನಂತೆ ತಣ್ಣಗೆ, ಒದ್ದೆಯಾಗಿ ಇತ್ತು.

ಆ ಕೊಳವೆಯ ಕೆಳಗೆ ಬೀಡುಕಬ್ಬಿಣದ ಒಂದು ಡಬ್ಬಿ ಇರುತ್ತದೆ, ವೈನಿ. ಇಂಜಿನ್ನು ಹೊರಗೆ ಬಿಡುವ ಬಿಸಿ ಹೊಗೆ ಅದರಲ್ಲಿ ಒಂದು ಸುತ್ತು ತಿರುಗಿ ಹೋಗುತ್ತದೆ. ಆ ಕಾವಿಗೆ ಮೇಲಿನ ಪೆಟ್ರೋಲು ಹಬೆಯಾಗಿ ಒಳಗೆ ಹೋಗಿ ಉರಿಯುತ್ತದೆ. ಡಬ್ಬಿಯೊಳಗೆ ಒಂದು ರೆಕ್ಕೆ, ಅದಕ್ಕೊಂದು ಸುರುಳಿ ಸ್ಪ್ರಿಂಗು. ಚಳಿಯಿದ್ದಾಗ ರೆಕ್ಕೆ ಬಿಸಿಯನ್ನು ಮೇಲಕ್ಕೆ ತಿರುಗಿಸುತ್ತದೆ, ಕಾವು ಸಾಕಾದಾಗ ತಾನೇ ಬಿಟ್ಟುಕೊಡುತ್ತದೆ. ನಮ್ಮದರ ಡಬ್ಬಿ ಸೀಳಿತ್ತು, ರೆಕ್ಕೆ ಸುಟ್ಟು ಉದುರಿಯೇ ಹೋಗಿತ್ತು. ಎಂದು ಹೋಯಿತೋ ಯಾರಿಗೆ ಗೊತ್ತು. ನಮ್ಮ ಬಿಸಿಲಿನ ಊರುಗಳಲ್ಲಿ ಅದರ ಕೊರತೆ ಯಾರಿಗೂ ತಿಳಿಯಲಿಲ್ಲ. ತಿಳಿದದ್ದು ನಿಮ್ಮ ಬಾಗಿಲಿಗೆ ನಾಲ್ಕು ಮೈಲಿ ಇದ್ದಾಗ.

ಅಣ್ಣ ನಡೆದೇ ಮೇಲೆ ಬಂದ. ಮುಂದಿನದು ನೀವು ಅನುಭವಿಸಿದ್ದು. ಬೆಳಗಿನಿಂದ ಆ ಗಾಳಿಯಲ್ಲಿ ವರಾಂಡದಲ್ಲಿ ಟ್ರಂಕಿನ ಮೇಲೆ ಕುಳಿತಿದ್ದಿರಂತೆ. ನರ್ಸಬಾಯಿ ಕರೆದರೂ ಒಳಗೆ ಹೋಗಲಿಲ್ಲವಂತೆ. ಅಂದಿನ ಥಂಡಿ ಎದೆಗೆ ಇಳಿಯಿತು, ಜ್ವರ ಬಂತು, ಮುಂದಿನ ಮಳೆಗಾಲ ಕಳೆಯುವ ತನಕ ದವಾಖಾನೆ ಬಿಡಕೂಡದು ಎಂದು ಡಾಕ್ಟರರು ಹೇಳಿಬಿಟ್ಟರು.

ಅಣ್ಣ ಒಂದು ಸಲ ಮಾತ್ರ ಅಂದ, “ಅಕಿ ಟ್ರಂಕಿನ ಮ್ಯಾಲ ಕುಂತಿದ್ಲು, ಸುಂದ್ರಾ. ನಾ ಹೋಗೂತನಕ ಎದ್ದಿರಲಿಲ್ಲ. ಅದ ಕಣ್ಣಾಗ ನಿಂತೈತಿ.”

ಊರಿಗೆ ಬಂದಾಗಿನಿಂದ ಆ ಡಬ್ಬಿಯ ಹಿಂದೆ ಬಿದ್ದಿದ್ದಾನೆ. ಮೊದಲು ಗೋಕಾಕದಲ್ಲಿ ಬೆಸುಗೆ ಹಾಕಿಸಿದ. ಬೀಡು ಬೆಸುಗೆಯನ್ನು ಹಿಡಿಯಲಿಲ್ಲ, ಕಾವು ಏರಿದ ಕೂಡಲೇ ಬಾಜೂದಲ್ಲಿ ಹೊಸ ಸೀಳು ಬಿಟ್ಟಿತು. ಬೆಳಗಾವಿಯ ಅಂಗಡಿಯವರು ಅದನ್ನು ತಿರುಗಿಸಿ ನೋಡಿ, ಈ ಗಾಡಿಗಳ ಕಾಲ ಮುಗಿಯಿತು, ಹೊಸ ಗಾಡಿ ತೆಗೆದುಕೊಳ್ಳಿ ಎಂದು ಬುದ್ಧಿ ಹೇಳಿ ಕಳಿಸಿದರು. ಮುಂಬಯಿಗೆ ಬರೆದರೆ, ಪರದೇಶದ ಸಾಮಾನಿಗೆ ಈಗ ಲೈಸೆನ್ಸು ಬೇಕು, ಅದು ಸಿಗುವುದಿಲ್ಲ, ಸಿಕ್ಕರೂ ಇಷ್ಟು ಹಳೆಯ ಗಾಡಿಯದು ಬರುವುದಿಲ್ಲ ಎಂದು ಉತ್ತರ ಬಂತು. ಕೊಲ್ಲಾಪುರದ ಗುಜರಿಯಲ್ಲಿ ಅದೇ ಕಂಪನಿಯ ಲಾರಿಯದೊಂದು ಸಿಕ್ಕಿತು. ಬೋಲ್ಟಿನ ತೂತುಗಳು ಕೂಡಿದವು ಎಂದು ಭೀಮರಾಯ ಅದನ್ನೇ ಕೂರಿಸಿದ. ಅದರಲ್ಲಿ ರೆಕ್ಕೆಯೇ ಇಲ್ಲ, ಕಾವು ತಡೆಯುವವರಿಲ್ಲ. ಏಪ್ರಿಲಿನ ಬಿಸಿಲಿನಲ್ಲಿ ಘಟಪ್ರಭಾದ ಹತ್ತಿರ ಪೆಟ್ರೋಲು ಕೊಳವೆಯಲ್ಲೇ ಕುದಿದು ಗಾಡಿ ನಿಂತಿತು. ಎತ್ತು ಕಟ್ಟಿ ಎಳೆಸಿಕೊಂಡು ಬಂದೆವು. ತನ್ನದೇ ತಪ್ಪು ಎಂದು ಭೀಮರಾಯ ಬಹಳ ನೊಂದುಕೊಂಡ.

ಅವನು ಹೋದ ವರ್ಷ ಬುದ್ಧನ ದೀಕ್ಷೆ ತೆಗೆದುಕೊಂಡ ಸುದ್ದಿ ನಿಮಗೆ ಗೊತ್ತು. ಅವ್ವ ಇನ್ನೂ ಹೊರಗಿನ ಕಟ್ಟೆಯ ಮೇಲೆಯೇ ಚಹಾ ಇಡುತ್ತಾಳೆ. ಅವನು ಈಗ ಅದನ್ನು ಕುಡಿಯುವುದಿಲ್ಲ, ಬೇಡ ಎಂದು ಹೇಳುವುದೂ ಇಲ್ಲ, ಆರಲು ಬಿಟ್ಟು ಹೋಗುತ್ತಾನೆ. ನನಗೆ ನಾಚಿಕೆಯಾಗುತ್ತದೆ. ನೀವು ಇದ್ದಿದ್ದರೆ ಅವ್ವನಿಗೆ ಒಂದು ಮಾತು ಹೇಳುತ್ತಿದ್ದಿರಿ. ನನ್ನ ಮಾತು ಅವಳಿಗೆ ಹತ್ತುವುದಿಲ್ಲ.

ಮಳೆ ಜೋರಾಗಿದೆ, ಟಪಾಲಿನವನು ಬರುವ ಹೊತ್ತಾಯಿತು. ಹಾಲು ಕುಡಿಯಲು ಬೇಸರ ಮಾಡಬೇಡಿ. ನಾವು ಬರುತ್ತೇವೆ. ಈ ಸಲ ಅರ್ಧ ದಾರಿಗೆ ಅಲ್ಲ.

ನಿಮ್ಮ
ಸುಂದ್ರವ್ವ


ಮೂಡಲಗಿ
ತಾ. ೨೦-೧೦-೧೯೫೭

ಪ್ರೀತಿಯ ವೈನಿ,

ದಸರೆಯ ಬನ್ನಿ ಇದರ ಜೊತೆ ಮಡಚಿ ಇಟ್ಟಿದ್ದೇನೆ, ತೆಗೆದುಕೊಳ್ಳಿ. ಇಲ್ಲಿ ಕೊಡುವಾಗ ಮನೆಮಂದಿಯ ಲೆಕ್ಕದಲ್ಲಿ ನಿಮ್ಮದು ಕೈಯಲ್ಲೇ ಉಳಿಯಿತು.

ಸಂಕ್ರಾಂತಿ ಕಳೆದ ಮೇಲೆ ಮನೆಗೆ ಹೋಗಬಹುದೆಂದು ಡಾಕ್ಟರರು ಅಣ್ಣನಿಗೆ ಬರೆದಿದ್ದಾರೆ. ಬೇರೆ ರೋಗಿಗಳು ಕಾದಿದ್ದಾರೆ, ಫೆಬ್ರುವರಿ ಮುಗಿಯುವುದರೊಳಗೆ ಹಾಸಿಗೆ ಬಿಟ್ಟುಕೊಟ್ಟರೆ ಒಳ್ಳೆಯದು ಎಂದೂ ಬರೆದಿದ್ದಾರೆ. ಓದಿ ಅಣ್ಣನಿಗೆ ಸಂತೋಷವಾಯಿತು, ಹೆದರಿಕೆಯೂ ಆಯಿತು. ಗಾಡಿ ಇನ್ನೂ ಹೊರಗಿನ ಚಪ್ಪರದಲ್ಲಿ ಬಾನೆಟ್ಟು ತೆರೆದುಕೊಂಡು ನಿಂತಿದೆ.

ಒಂದು ಸುಳಿವು ಸಿಕ್ಕಿದೆ. ಭೀಮರಾಯ ಲಾರಿಯವರ ಬಾಯಿಂದ ಕೇಳಿ ಬಂದ. ಯಮಕನಮರಡಿಯಲ್ಲಿ ಹೆದ್ದಾರಿಯ ಹಿಂದಿನ ಓಣಿಯಲ್ಲಿ, ದನದ ಕೊಟ್ಟಿಗೆಯ ಬಾಜೂದಲ್ಲಿ ನಮ್ಮದರದೇ ಜೋಡಿ ಗಾಡಿ ನಿಂತಿದೆ. ಅದೇ ಇಸವಿ, ಅದೇ ಇಂಜಿನ್ನು. ತಂಬಾಕಿನ ವ್ಯಾಪಾರ ಮಾಡುತ್ತಿದ್ದವರೊಬ್ಬರದಂತೆ. ಅವರು ತೀರಿಕೊಂಡ ಮೇಲೆ ಯಾರೂ ಅದನ್ನು ಮುಟ್ಟಿಲ್ಲ, ಹಾಗಾಗಿ ಸಾಮಾನು ಎಲ್ಲ ಹಾಗೇ ಇರಬೇಕು ಎಂದ.

ಅಣ್ಣ ಅಂದೇ ಹೋದ. ಅವರ ಹೆಂಡತಿ ಕಾಡವ್ವ ಎಂಬವರು ಬಾಗಿಲಿಗೆ ಬಂದು ಮಾತು ಕೇಳಿ, ಕೊಡೂದಿಲ್ಲ ಎಂದರಂತೆ. ಡಬ್ಬಿ ಬೇಡ, ಇಡೀ ಗಾಡಿಯನ್ನೇ ಕೊಡಿ, ಕೇಳಿದಷ್ಟು ಕೊಡುತ್ತೇನೆ ಎಂದು ಇವನು ಅಂದದ್ದಕ್ಕೆ ಬಾಗಿಲು ಹಾಕಿಕೊಂಡರಂತೆ. ಮುಂದಿನ ವಾರ ಭೀಮರಾಯನನ್ನು ಬೋಲ್ಟು ಬಿಚ್ಚುವ ಪಾನಾಗಳ ಚೀಲದ ಸಮೇತ ಕರೆದುಕೊಂಡು ಹೋದ. ಆ ಚೀಲ ನೋಡಿ ಅವರು ಇನ್ನೂ ಗಟ್ಟಿಯಾದರು. ಇನ್ನೊಬ್ಬರ ಮನೆಯ ಹೆಣ್ಣುಮಗಳಿಗೆ ಎಷ್ಟು ಸಲ ಅಂತ ಕೇಳುವುದು ಎಂದು ಅಣ್ಣ ಕೈಬಿಟ್ಟು ಕೂತಿದ್ದಾನೆ. ಈಗ ಹುಬ್ಬಳ್ಳಿಯ ಕಡೆ ಹುಡುಕುವ ಮಾತಾಡುತ್ತಾನೆ.

ಗುಡ್ಡವ್ವನಿಗೆ ಮಳೆಗಾಲದಲ್ಲಿ ಮೈ ಬಿಸಿಯಾಗಿತ್ತು. ನಿಮಗೆ ಆಗ ಬರೆಯಲಿಲ್ಲ. ಈಗ ಪೂರಾ ಗುಣವಾಗಿದೆ.

ಹೆಚ್ಚಿಗೆ ಬರೆಯಲು ಮನಸ್ಸಾಗುತ್ತಿಲ್ಲ, ಕ್ಷಮಿಸಿ.

ನಿಮ್ಮ
ಸುಂದ್ರಾ


ಮೂಡಲಗಿ
ತಾ. ೯-೨-೧೯೫೮

ಪ್ರೀತಿಯ ವೈನಿಯವರಿಗೆ,

ದಸರೆಯಿಂದ ಈಚೆಗೆ ನಾನು ಒಂದು ಸಾಲನ್ನೂ ಬರೆಯಲಿಲ್ಲ. ಸುಂದ್ರಾಗೆ ಏನಾಗಿದೆ, ನನ್ನ ಮೇಲೆ ಏನಾದರೂ ಮನಸ್ಸಿನಲ್ಲಿದೆಯೇ ಎಂದು ನೀವು ಅಣ್ಣನನ್ನು ಕೇಳಿದ್ದೀರಿ. ನಿಮ್ಮ ಮೇಲೆ ನನಗೇನು ಇರುತ್ತದೆ, ವೈನಿ. ಬರೆಯಲು ಕುಳಿತೆ, ಹರಿದೆ, ಮತ್ತೆ ಕುಳಿತೆ. ಅಷ್ಟೇ.

ಮೊದಲು ದೊಡ್ಡ ಸುದ್ದಿ. ಡಬ್ಬಿ ಸಿಕ್ಕಿತು. ಗಾಡಿ ಓಡುತ್ತಿದೆ. ಅಣ್ಣ ನಿಮ್ಮನ್ನು ಕರೆಯಲು ಬರುತ್ತಿದ್ದಾನೆ.

ಹೇಗೆ ಸಿಕ್ಕಿತೆಂದು ಹೇಳುತ್ತೇನೆ. ಹುಬ್ಬಳ್ಳಿಯಲ್ಲಿ ಏನೂ ಸಿಗಲಿಲ್ಲ. ಅಣ್ಣ ತಿರುಗಿ ಬಂದು ಊಟ ಬಿಟ್ಟು ಮಲಗಿದ. ಕಾಡವ್ವನವರಿಗೆ ನೀನು ಏನೆಂದು ಕೇಳಿದೆ ಎಂದು ನಾನು ವಿಚಾರಿಸಿದೆ. ಗಾಡಿಗೆ ಒಂದು ಸಾಮಾನು ಬೇಕಾಗಿದೆ ಎಂದು ಕೇಳಿದೆ ಅಂದ. ಯಾತಕ್ಕೆ ಬೇಕು ಎಂದು ಹೇಳಿದೆಯಾ ಎಂದೆ. ಅಪರಿಚಿತರ ಬಾಗಿಲಲ್ಲಿ ನಿಂತು ಕ್ಷಯ ಎಂಬ ಮಾತನ್ನು ಹೇಗೆ ಬಾಯಿಗೆ ತರಲಿ ಎಂದ. ಎರಡು ಸಲ ಹೋಗಿಯೂ ಅವನು ನಿಮ್ಮ ಹೆಸರನ್ನೇ ಎತ್ತಿರಲಿಲ್ಲ.

ಮುಂದಿನ ಭಾನುವಾರ ನಾನೇ ಹೋದೆ. ಹುಕ್ಕೇರಿಯಲ್ಲಿ ಭೀಮರಾಯ ಬಸ್ಸು ಹತ್ತಿದ. ಚೀಲವನ್ನು ಸ್ಟ್ಯಾಂಡಿನ ಹೋಟೆಲಿನಲ್ಲಿಡಿಸಿ, ನಾನು ಕರೆಯುವ ತನಕ ಬರಬೇಡ ಎಂದು ಅವನಿಗೆ ಹೇಳಿ ಓಣಿಗೆ ನಡೆದೆ.

ಕಾಡವ್ವ ಅವ್ವನಿಗಿಂತ ಸ್ವಲ್ಪ ಚಿಕ್ಕವರು. ಗಾಡಿಯ ಹಿಂದಿನ ಸೀಟಿನಲ್ಲಿ ಕೋಳಿ ಮೊಟ್ಟೆಯಿಟ್ಟಿತ್ತು, ಅದನ್ನು ಸೆರಗಿನಲ್ಲಿ ಹಾಕಿಕೊಳ್ಳುತ್ತಿದ್ದರು. ಮೂಡಲಗಿಯಿಂದ ಬಂದೆ ಎಂದ ಕೂಡಲೇ ಅವರಿಗೆ ತಿಳಿಯಿತು. ಆದರೂ ಕುಳಿತುಕೋ ಎಂದು ನೀರು ಕೊಟ್ಟರು. ಕೊಡುವುದಿಲ್ಲ ಎಂದು ಮೊದಲೇ ಹೇಳಿದರು, ಸಿಟ್ಟಿನಿಂದಲ್ಲ, ಇದ್ದದ್ದನ್ನು ಇದ್ದ ಹಾಗೆ.

“ಹೊಲಾ ಮನೀ ಎಲ್ಲಾ ಮೈದುನರ ಹೆಸರಿಗಿ ಐತಿ, ತಂಗಿ. ನಮ್ಮವರು ನನ್ನ ಹೆಸರಿಗಿ ಮಾಡಿದ್ದು ಇದೊಂದ. ಇವತ್ತ ಒಂದ ಸಾಮಾನ ಬಿಚ್ಚಾಕ ಕೊಟ್ರ, ನಾಳಿ ಅವರು ಬಂದು ಗಾಲಿ ಬಿಚ್ಚತಾರ. ಆಮ್ಯಾಲ ನನ್ನದು ಅನ್ನೂದು ಏನ ಉಳೀತೈತಿ?”

ಅವರು ಹೇಳಿದ್ದು ಖರೆಯೇ ಇತ್ತು. ನಾನು ವಾದ ಮಾಡಲಿಲ್ಲ. ನಿಮ್ಮ ಮಾತು ಹೇಳಿದೆ. ಪಾಂಚಗಣಿ ಎಂದೆ, ಕ್ಷಯ ಎಂದೆ, ಆಪರೇಶನ್ನು, ಬಾಡಿಗೆ ಗಾಡಿಯವರು ಆಡಿದ ಮಾತು, ಘಟ್ಟದಲ್ಲಿ ನಾವು ನಿಂತದ್ದು, ನೀವು ಟ್ರಂಕಿನ ಮೇಲೆ ಕುಳಿತು ಕಾದದ್ದು, ಎಲ್ಲ ಹೇಳಿದೆ. ಅವರು ಕೇಳುತ್ತ ಕೇಳುತ್ತ ಸೆರಗಿನ ಮೊಟ್ಟೆಗಳನ್ನು ಒಂದೊಂದಾಗಿ ಬುಟ್ಟಿಗೆ ಇಡುತ್ತಿದ್ದರು.

“ನಿಮ್ಮ ಅಣ್ಣ ಇದನ್ಯಾಕ ಹೇಳಲಿಲ್ಲ?” ಎಂದು ಕಡೆಗೆ ಕೇಳಿದರು.

“ನಾಚಿಕಿ ಆತ್ರಿ ಅವಗ,” ಎಂದೆ.

ಅವರು ಎದ್ದು ಗೋಡೆಯ ಮೊಳೆಯಿಂದ ಗಾಡಿಯ ಕೀಲಿ ತೆಗೆದುಕೊಟ್ಟರು. “ಬಿಚ್ಚಿಕೊಳ್ಳಾಕ ಹೇಳು. ಆದರ ಬಾನೆಟ್ ಮುಚ್ಚಿ ಹೋಗ್ರಿ. ನೋಡಿದವರಿಗಿ ಗಾಡಿ ಇಡೀ ಐತಿ ಅನಸಬೇಕು.”

ಭೀಮರಾಯ ಮಧ್ಯಾಹ್ನದ ತನಕ ಕೆಲಸ ಮಾಡಿದ. ತುಕ್ಕು ಹಿಡಿದ ಒಂದು ಬೋಲ್ಟು ಮುರಿದೇ ಹೋಯಿತು. ಡಬ್ಬಿ ಮಾತ್ರ ಗಟ್ಟಿಯಿತ್ತು, ಸೀಳಿರಲಿಲ್ಲ, ಒಳಗಿನ ರೆಕ್ಕೆಯೂ ಇತ್ತು. ಕಾಡವ್ವ ಅವನಿಗೆ ಪಡಸಾಲೆಯಲ್ಲಿ ನನ್ನ ಪಕ್ಕದಲ್ಲೇ ತಾಟು ಇಟ್ಟು ಝುಣಕ, ರೊಟ್ಟಿ ಬಡಿಸಿದರು. ಅವನು ಉಂಡ. ಹೋಗುವಾಗ ಬಾನೆಟ್ಟು ಮುಚ್ಚಿ, ಅದರ ಮೇಲಿನ ವರ್ಷಗಟ್ಟಲೆಯ ಧೂಳನ್ನು ತನ್ನ ಟವೆಲಿನಿಂದ ಒರೆಸಿದ. ಅಣ್ಣ ಕಳಿಸಿದ ಹಣವನ್ನು ನಾನು ಮುಂದೆ ಇಟ್ಟಾಗ ಕಾಡವ್ವ ಹಿಂದಕ್ಕೆ ಸರಿಸಿದರು. ಹೆಣ್ಣುಮಗಳೊಬ್ಬಳು ಮನೆಗೆ ಬರುವುದಕ್ಕೆ ರೊಕ್ಕ ತೆಗೆದುಕೊಳ್ಳಲಾಗದು ಎಂದರು. ನಾವು ಓಣಿಯ ತುದಿ ಮುಟ್ಟಿ ತಿರುಗಿ ನೋಡಿದಾಗ ಅವರು ಗಾಡಿಯ ಮುಂದೆ ನಿಂತಿದ್ದರು. ನನಗೆ ಸಂತೋಷವಾಗಬೇಕಾಗಿತ್ತು. ಅವರಿಗಿದ್ದ ಒಂದೇ ಒಂದರಿಂದ ಕಿತ್ತು ತಂದೆ ಎನ್ನುವುದೇ ದಾರಿಯುದ್ದಕ್ಕೂ ಮನಸ್ಸಿನಲ್ಲಿ ಇತ್ತು.

ರೆಕ್ಕೆ ತುಕ್ಕಿನಲ್ಲಿ ಹಿಡಿದುಕೊಂಡಿತ್ತು. ಭೀಮರಾಯ ಅದನ್ನು ಸೀಮೆಎಣ್ಣೆಯಲ್ಲಿ ನೆನೆಹಾಕಿ ದಿನಾ ಸ್ವಲ್ಪ ಸ್ವಲ್ಪ ಅಲುಗಾಡಿಸಿ ಬಿಡಿಸಿದ. ಕೂರಿಸಿದ ಮರುದಿನ ಮುಂಜಾನೆ, ಥಂಡಿ ಇರುವಾಗಲೇ, ಅಣ್ಣ ನನ್ನನ್ನೂ ಕೂರಿಸಿಕೊಂಡು ಗೋಕಾಕದ ಗುಡ್ಡದ ದಾರಿ ಹತ್ತಿಸಿದ. ಗಾಡಿ ಒಮ್ಮೆಯೂ ಮುಗ್ಗರಿಸಲಿಲ್ಲ. ಮೇಲೆ ನಿಲ್ಲಿಸಿ ಬಾನೆಟ್ಟು ತೆಗೆದು ಭೀಮರಾಯ ಅಂದ, “ಈಗ ಕೈ ಇಟ್ಟ ನೋಡ್ರಿ, ಸಾವಕಾರ.” ಅಣ್ಣ ಕೊಳವೆಯ ಮೇಲೆ ಅಂಗೈ ಇಟ್ಟ, ಆಮೇಲೆ ನನ್ನ ಕೈಯನ್ನೂ ಹಿಡಿದು ಇಡಿಸಿದ. ಕರುವಿನ ಮೈಯಷ್ಟು ಬೆಚ್ಚಗಿತ್ತು. ಅಣ್ಣ ಆ ಕಡೆ ತಿರುಗಿ ಗಾಜು ಒರೆಸತೊಡಗಿದ. ಒರೆಸಲು ಅಲ್ಲಿ ಏನೂ ಇರಲಿಲ್ಲ.

ಬರುವ ಗುರುವಾರ ಅಣ್ಣ, ಭೀಮರಾಯ ಇಲ್ಲಿಂದ ಹೊರಡುತ್ತಾರೆ. ಶುಕ್ರವಾರ ಬಿಸಿಲು ಏರಿದ ಮೇಲೆ ಘಟ್ಟ ಹತ್ತುತ್ತಾರೆ. ದಯಮಾಡಿ ವರಾಂಡದಲ್ಲಿ ಕಾಯಬೇಡಿ, ವೈನಿ. ಒಳಗೇ ಇರಿ. ಅಣ್ಣ ಬಾಗಿಲಿಗೆ ಬಂದು ಕರೆದ ಮೇಲೆ ಹೊರಗೆ ಬನ್ನಿ. ಈ ಸಲ ನನ್ನ ಬದಲಿಗೆ ನಿಮ್ಮ ತಂಗಿ ಸಾತವ್ವ ಬರುತ್ತಾಳೆ. ಶನಿವಾರ ಸಂಜೆಗೆ ಮನೆ ಮುಟ್ಟುತ್ತೀರಿ.

ಅವ್ವ ಮೊದಲು ನಿಮಗೆ ಬೇರೆ ಕೋಣೆ, ಬೇರೆ ತಾಟು ಎನ್ನುತ್ತಿದ್ದಳು. ನಾನು ಜಗಳಾಡಲಿಲ್ಲ. ರೋಗ ಹೋಗಿದೆ ಎಂದು ಡಾಕ್ಟರರು ಬರೆದದ್ದನ್ನು ಓದಿ ಹೇಳಿದೆ. ಮೊನ್ನೆ ನೋಡಿದರೆ ತನ್ನ ಹಳೆಯ ಇಳಕಲ್ಲ ಸೀರೆಗಳನ್ನು ಹರಿದು ನಿಮಗಾಗಿ ಕೌದಿ ಹೊಲಿಯುತ್ತಿದ್ದಾಳೆ. ಕಣ್ಣು ಕಾಣದೆ ಹೊಲಿಗೆ ಸೊಟ್ಟಗಾಗಿದೆ, ನಗಬೇಡಿ. ಸೊಸೆ ನೂರು ವರ್ಷ ಬಾಳಲಿ, ನನ್ನ ಕೈ ಅವಳ ತಲೆಯ ಮೇಲೆ ಇದೆ ಎಂದು ಬರೆ ಎಂದಳು, ಬರೆದಿದ್ದೇನೆ. ನನಗೆ ಆಶೀರ್ವಾದ ಮಾಡಬೇಕಾದವರು ನೀವು. ಸಿಟ್ಟಿಲ್ಲದೆ ಮಾಡಿ.

ಎಂದೆಂದಿಗೂ ನಿಮ್ಮ
ಸುಂದ್ರವ್ವ

ತಾ.ಕ. ಲಕೋಟೆ ಅಂಟಿಸಬೇಕೆಂದು ಎದ್ದವಳು ಮತ್ತೆ ಕುಳಿತೆ. ಇದನ್ನು ಹೇಳದೆ ನಿಮ್ಮನ್ನು ಮನೆಯ ಬಾಗಿಲಿಗೆ ಬರಗೊಡುವುದು ಸರಿಯಲ್ಲ.

ಗುಡ್ಡವ್ವ ನನ್ನನ್ನು ಅವ್ವಾ ಎಂದು ಕರೆಯುತ್ತಾಳೆ. ಮಳೆಗಾಲದ ಆ ಜ್ವರದಲ್ಲಿ ಶುರುವಾಯಿತು. ಅತ್ತೀ ಅನ್ನು, ನಿಮ್ಮ ಅವ್ವ ಪಾಂಚಗಣಿಯಲ್ಲಿದ್ದಾಳೆ ಎಂದು ನಾನು ತಿದ್ದಿದೆ. ಜ್ವರ ಇಳಿದ ಮೇಲೂ ಹಾಗೇ ಕರೆದಳು, ಮತ್ತೆ ತಿದ್ದಿದೆ. ಆಮೇಲೆ ಒಂದು ದಿನ ತಿದ್ದಲಿಲ್ಲ. ನನ್ನನ್ನು ಹಾಗೆ ಕರೆಯುವವರು ಈ ಜನ್ಮದಲ್ಲಿ ಯಾರೂ ಇಲ್ಲ ಎಂದು ನಿಮಗೆ ಗೊತ್ತು. ನಿಮ್ಮ ಮದುವೆಯ ಫೋಟೋ ತೋರಿಸಿದರೆ ಈಗ ಆ ಹೆಣ್ಣುಮಗಳು ಯಾರು ಎಂದು ಕೇಳುತ್ತಾಳೆ.

ಆಚೆ ವರ್ಷದ ಡಿಸೆಂಬರಿನಲ್ಲಿ ನಾವು ಬರಿಗೈಯಲ್ಲಿ ತಿರುಗಿ ಬಂದಾಗ ಅವಳು ಗಾಡಿಯ ಹಿಂದಿನ ಬಾಗಿಲು ತೆಗೆಸಿ, ಕೌದಿ ಎತ್ತಿ, ಸೀಟಿನ ಕೆಳಗೂ ಬಗ್ಗಿ ನಿಮ್ಮನ್ನು ಹುಡುಕಿದ್ದಳು. ಆಗ ನೆನಪಿತ್ತು. ಅಂದು ನೀವು ಆ ಸೀಟಿನ ಮೇಲಿದ್ದಿದ್ದರೆ ಇಷ್ಟೆಲ್ಲ ಆಗುತ್ತಲೇ ಇರಲಿಲ್ಲ. ಒಂದು ಡಬ್ಬಿ ಸಿಗಲು ಹಿಡಿದ ಆ ವರ್ಷದಲ್ಲಿ ಅವಳು ಮರೆತಳು.

ನಾನು ಇದೇ ಮನೆಯಲ್ಲಿದ್ದರೆ ಅವಳು ನನ್ನ ಬೆನ್ನ ಹಿಂದೆಯೇ ಬರುತ್ತಾಳೆ. ಅದಕ್ಕೆ ಹುಕ್ಕೇರಿಯ ಶಾಲೆಗೆ ಬದಲಿ ಕೇಳಿಕೊಂಡೆ, ಹುಕುಂ ಬಂದಿದೆ. ಪಗಾರ ಹೆಚ್ಚು ಸಿಗುತ್ತದೆ ಎಂದು ಅಣ್ಣನಿಗೆ ಹೇಳಿದ್ದೇನೆ, ಅದು ಸುಳ್ಳು. ಶನಿವಾರ ಬೆಳಗಿನ ಬಸ್ಸಿಗೆ ಹೋಗುತ್ತೇನೆ. ನಿಮ್ಮ ಗಾಡಿ ಹುಕ್ಕೇರಿಯ ಮೇಲೆಯೇ ಹಾಯ್ದು ಬರುತ್ತದೆ. ಅಣ್ಣ ನಿಲ್ಲಿಸೋಣ ಎಂದರೆ ಬೇಡ ಎನ್ನಿ. ಕತ್ತಲಾಗುವ ಮೊದಲು ಮನೆ ಸೇರಿ.

ಅವಳು ನಿಮ್ಮನ್ನು ಕಂಡು ಹಿಂದೆ ಸರಿದರೆ ಎದೆ ಒಡೆದುಕೊಳ್ಳಬೇಡಿ. ನಾನಿಲ್ಲದ್ದನ್ನು ನೋಡಿ ಅಳುತ್ತಾಳೆ. ಅತ್ತರೆ ನೀವೇ ಎತ್ತಿಕೊಳ್ಳಿ, ಪಕ್ಕೆ ನೋವಾದರೂ ನೀವೇ ಎತ್ತಿಕೊಳ್ಳಿ. ಯಾರ ಕೈಗೂ ಕೊಡಬೇಡಿ.